ಸೀಟಕ್ಕನ ಅಳತೆ ತಪ್ಪಿದ್ದೆಲ್ಲಿ?

ಬೆಳಗಿನ ಆರು ಗಂಟೆ. ಅರ್ಧ ಎತ್ತಿದ ಶಟರಿನ ಕೆಳಗೆ ಸೀಟಕ್ಕ ಮಂಡಿಯೂರಿ ಸ್ಪಂಜು ಕೊಯ್ಯುತ್ತಿದ್ದಾರೆ. ಅಂಗೈಯಿಂದ ಒತ್ತಿ ನೋಡುತ್ತಾರೆ, ಮತ್ತೆ ಕೂದಲೆಳೆಯಷ್ಟು ಕೊಯ್ಯುತ್ತಾರೆ. ಕೆಲಸ ನೋಡಲು ಬಂದ ನನ್ನನ್ನು ಬೆಳಕಿಗೆ ಅಡ್ಡ ನಿಂತೆನೆಂದು ಗದರುತ್ತಾರೆ. ತೆಪ್ಪಗೆ ಸರಿಯುತ್ತೇನೆ.

ಸೀಟಕ್ಕನ ಅಪ್ಪ ಬಸ್ಸಿನ ಸೀಟು ಹೊಲಿಯುತ್ತಿದ್ದವರು. ಅವರ ಸೂಜಿ ಇವರ ಕೈಗೆ ಬಂದು ಇಪ್ಪತ್ತಾರು ವರ್ಷ. ಹೆಂಗಸು ಬೈಕಿನ ಸೀಟು ಮಾಡುತ್ತಾಳಾ ಎಂದು ಮೂಗು ಮುರಿದವರೇ ಈಗ ಸರದಿಗೆ ಕಾಯುತ್ತಾರೆ. ದಿನಕ್ಕೆ ಎರಡು ಸೀಟು, ಹೆಚ್ಚಿನವು ಒಂದೇ ಬಗೆಯ ಬೈಕಿನವು: ತೀರಾ ದುಬಾರಿಯೂ ಅಲ್ಲದ, ತೀರಾ ಸಣ್ಣದೂ ಅಲ್ಲದ, ತಗ್ಗು ಸೀಟಿನ ಕ್ರೂಸರ್. ಕೆಲಸಕ್ಕೂ ಅದೇ, ಊರು ಸುತ್ತುವುದಕ್ಕೂ ಅದೇ. ಅದೇನಪ್ಪಾ ಜನಕ್ಕೆ ಇದರ ಮೇಲೆ ಇಷ್ಟು ಮೋಹ?

"ಬೇರೆ ಬೈಕಿಗೆ ನಾವು ಹೊಂದ್ಕೋಬೇಕು, ಇದು ನಮಗೆ ಹೊಂದ್ಕೊಳ್ಳುತ್ತೆ. ಹ್ಯಾಂಡಲ್ ಹತ್ತಿರ ತರಬಹುದು, ಕಾಲಿಡೋದನ್ನ ಮುಂದೆ ಹಾಕಿಸಬಹುದು. ಸೀಟಂತೂ ನನ್ನ ಕೈಲಿದೆ," ಎನ್ನುತ್ತಾರೆ. "ಕೂತೋರಿಗೆ ನನ್ನ ಸೀಟು ನೆನಪೇ ಆಗಬಾರ್ದು. ನೆನಪಾಯ್ತು ಅಂದ್ರೆ ಎಲ್ಲೋ ನೋಯ್ತಿದೆ ಅಂತ."

ಇವತ್ತಿನ ಸೀಟು ಮೀಟರ್ ಮಾಮನದು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವರು, ನಡುನೋವಿನವರು. ಎರಡು ಸಲ ಸೀಟು ಬದಲಾಯಿಸಿದರೂ ನೋವು ಹೋಗಿಲ್ಲ. ಇದೂ ಆಗಲಿಲ್ಲವೆಂದರೆ ಬೈಕ್ ಮಾರಿಬಿಡುತ್ತೇನೆ ಎಂದಿದ್ದಾರೆ. ಅಂದಿನಿಂದ ಸೀಟಕ್ಕನಿಗೆ ಊಟ ರುಚಿಸಿಲ್ಲ.

ಅವರ ಅಳತೆಯ ರೀತಿಯೇ ಬೇರೆ. ಒದ್ದೆ ಮರಳಿನ ಚೀಲದ ಮೇಲೆ ಸವಾರನನ್ನು ಕೂರಿಸಿ, ಎದ್ದ ಮೇಲೆ ಉಳಿದ ಅಚ್ಚು ನೋಡಿಯೇ ಸ್ಪಂಜಿಗೆ ಕತ್ತಿ ಹಾಕುವುದು. ಮಾಮನ ಅಚ್ಚು ಎರಡೂ ಸಲ ಸರಿಯಾಗಿಯೇ ಇತ್ತು. ಮೊನ್ನೆ ಅವರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅಂಗಡಿಯ ಮುಂದೆ ಹಾದುಹೋದಾಗಷ್ಟೇ ಗುಟ್ಟು ಬಯಲಾಯಿತು. ಆಕೆ ಹಿಂದಿನ ಸೀಟಿನಿಂದ ಜಾರಿ ಜಾರಿ ಬಂದು ಮಾಮನನ್ನು ಟ್ಯಾಂಕಿಗೆ ಒತ್ತುತ್ತಿದ್ದರು.

"ಇಬ್ಬರು ಓಡಾಡೋ ಬೈಕಿಗೆ ಒಬ್ಬರ ಅಳತೆ ತಗೊಂಡಿದ್ದೀನಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ನಿನ್ನೆ ಇಬ್ಬರನ್ನೂ ಕೂರಿಸಿ ಅಚ್ಚು ತೆಗೆದಿದ್ದಾರೆ. ಹಿಂದೆ ಕೂತವರು ಜಾರದಂತೆ ಆ ಸೀಟಿನ ಮುಂದಿನ ಅಂಚನ್ನು ಎರಡು ಬೆರಳು ಏರಿಸಿದ್ದಾರೆ. ಏಳು ಗಂಟೆಗೆ ದಂಪತಿ ಬರುತ್ತಾರೆ. ಹೊದಿಕೆ ಹೊಲಿದಿಲ್ಲ, ಸ್ಪಂಜಿಗೆ ಹಳೇ ಬೆಡ್‌ಶೀಟ್ ಸುತ್ತಿ ಹಗ್ಗ ಕಟ್ಟಿದೆ. ತಿರುವಿನ ತನಕ ಹೋಗಿ ಬನ್ನಿ, ಆಮೇಲೆ ಹೊಲಿಯುತ್ತೇನೆ ಎಂದು ಸೀಟಕ್ಕ ಕಳಿಸುತ್ತಾರೆ.

ಕಾಲು ಗಂಟೆ. ಅರ್ಧ ಗಂಟೆ. ಬೈಕಿನ ಸುಳಿವಿಲ್ಲ. ಸೀಟಕ್ಕ ಪೋಣಿಸಿದ ಸೂಜಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ನಡು ಹಿಡಿದುಕೊಂಡು ದಾರಿಯಲ್ಲೇ ಕೂತುಬಿಟ್ಟರೋ ಏನೋ ಎಂದು ಗೊಣಗುತ್ತಾರೆ. ನನಗೂ ಕಳವಳ.

ಎಂಟಕ್ಕೆ ಫೋನು ಬರುತ್ತದೆ, ಮಾಮನ ಹೆಂಡತಿಯದು. ಊರಾಚೆಯ ಸೇತುವೆ ದಾಟಿದ್ದಾರಂತೆ. ಗಾಳಿ ಚೆನ್ನಾಗಿದೆಯಂತೆ, ಮಾಮ ಹಾಡು ಬೇರೆ ಹೇಳುತ್ತಿದ್ದಾರಂತೆ. ಬರುವುದು ತಡವಂತೆ.

"ಸೀಟು ಹೇಗಿದೆಯಂತೆ?" ಎಂದು ಕೇಳುತ್ತೇನೆ.

ಸೀಟಕ್ಕ ಸೂಜಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅದರ ಸುದ್ದಿನೇ ಎತ್ತಲಿಲ್ಲ."