ಗಿಡ್ಡ ಕುರ್ಚಿಯ ಕಥೆ ಯಾರದು?

ಊರಿನ ವಸ್ತುಸಂಗ್ರಹಾಲಯದ ಎರಡನೇ ಮಹಡಿಯಲ್ಲಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷ ಕೂತವಳಿಗೆ ತನ್ನ ಹೆಸರು ನೆನಪಾಗುತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಮಾತ್ರ. ಮಿಕ್ಕಂತೆ ಸಾಹೇಬರಿಂದ ಹಿಡಿದು ಗೇಟಿನವನ ತನಕ ಎಲ್ಲರಿಗೂ ಅವಳು ‘ಮುಟ್ಟಬೇಡಿ ಅಕ್ಕ’. ಕೆಲಸಕ್ಕೆ ಬೇಕಾದ ಮಾತೇ ಅದೊಂದು. ಹಳೆಯ ಮಂಚದ ಕಡೆಗೋ ದೀಪದ ಕಡೆಗೋ ಯಾರಾದರೂ ಕೈ ಚಾಚಿದರೆ "ಮುಟ್ಟಬೇಡಿ" ಅನ್ನಬೇಕು, ಅಷ್ಟೆ. ದಿನಕ್ಕೆ ನೂರು ಸಲ ಹೇಳಿ ಅದೆಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಗಂಡ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಲು ಹೋದರೂ ಅದೇ ಬಾಯಿಗೆ ಬರುತ್ತಿತ್ತು.

ಆದರೆ ಅಕ್ಕನ ಹೊಟ್ಟೆಯೊಳಗೆ ಮಾತು ತುಂಬಿ ತುಳುಕುತ್ತಿತ್ತು. ಕೆಳಗಿನ ಸಭಾಂಗಣದಲ್ಲಿ ಶನಿವಾರಕ್ಕೊಂದು ಉಪನ್ಯಾಸ. ಭಾಷಣಕಾರರ ಮುಂದೆ ನೀರಿನ ಲೋಟ ಇಡುವುದು ಅವಳ ಪಾಲಿನ ಕೆಲಸ. ಇಟ್ಟವಳು ಹೋಗದೆ ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ದೀಪದ ಚರಿತ್ರೆ, ಬೀಗದ ಚರಿತ್ರೆ, ಹಳೆಯ ನಕ್ಷೆಗಳ ಚರಿತ್ರೆ, ಎಲ್ಲ ಅವಳಿಗೆ ಬಾಯಿಪಾಠ. ಯಾವ ಪ್ರೊಫೆಸರು ಯಾವ ವಾಕ್ಯದ ಹತ್ತಿರ ಬಂದಾಗ ಕೆಮ್ಮುತ್ತಾರೆ ಎಂಬುದೂ ಬಾಯಿಪಾಠ. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ಚಿಕ್ಕಂದಿನಲ್ಲಿ ಅಪ್ಪನಿಗೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುವ ಶಕ್ತಿ ಇರಲಿಲ್ಲ. "ನೀನು ದೊಡ್ಡವಳು, ಅರ್ಥ ಮಾಡ್ಕೋತೀಯ" ಎಂದು ಇವಳನ್ನು ಬಿಡಿಸಿ ತಂಗಿಯನ್ನು ಕಾಲೇಜಿಗೆ ಕಳಿಸಿದ. ಇವಳು ಅರ್ಥ ಮಾಡಿಕೊಂಡಳು, ಆದರೆ ಮರೆಯಲಿಲ್ಲ. ತಂಗಿಯ ಮಗಳು ಚರಿತ್ರೆಯಲ್ಲಿ ಎಂ.ಎ. ಮಾಡಿ ಕೆಲಸವಿಲ್ಲದೆ ಕೂತಾಗ ಸಾಹೇಬರ ಕಾಲಿಗೆ ಬಿದ್ದಷ್ಟು ಮಾಡಿ ಒಳಗೆ ಸೇರಿಸಿದವಳೂ ಇವಳೇ. ಸ್ವಂತ ಮಕ್ಕಳಿಲ್ಲದ ಅಕ್ಕನ ಮಡಿಲಲ್ಲೇ ಆಡಿ ಬೆಳೆದ ಹುಡುಗಿ ಅದು. ಬಂದವರಿಗೆ ಕೋಣೆ ಕೋಣೆ ತೋರಿಸಿ ವಿವರಿಸುವ ಕೆಲಸ. ಆರು ತಿಂಗಳು ತಾತ್ಕಾಲಿಕ, ಸಾಹೇಬರು ಮೆಚ್ಚಿದರೆ ಕಾಯಂ.

ಮೊದಲ ವಾರವೇ ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು.

ಊಟದ ಹೊತ್ತಿನಲ್ಲಿ ಹುಡುಗಿ ಡಬ್ಬಿ ತೆಗೆಯುತ್ತಾ, "ದೊಡ್ಡಮ್ಮ, ಆ ಎರಡು ಬೀಗದ ಪೆಟ್ಟಿಗೆ ಕಥೆ ಏನು?" ಎಂದು ಕೇಳುವುದು, ದೊಡ್ಡಮ್ಮ ಪ್ರೀತಿಯಿಂದ ಹೇಳುವುದು, ಮೂರು ಗಂಟೆಗೆ ಅದೇ ಕಥೆಯನ್ನು ಹುಡುಗಿ ಕೈ ತಿರುಗಿಸಿ, ಕಣ್ಣರಳಿಸಿ, ನಡುವೆ ಸ್ವಲ್ಪ ನಿಲ್ಲಿಸಿ ಹೇಳುವುದು, ಜನ ಚಪ್ಪಾಳೆ ತಟ್ಟುವುದು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಸ್ಟೂಲಿನ ಮೇಲೆ ಕೂತ ಅಕ್ಕನಿಗೆ ಪ್ರತಿ ಚಪ್ಪಾಳೆಯೂ ತನ್ನ ಕೆನ್ನೆಗೇ ಬಿದ್ದಂತಾಗುತ್ತಿತ್ತು. ಒಬ್ಬ ಮುದುಕಿಯಂತೂ ಹೋಗುವಾಗ ಇವಳತ್ತ ತಿರುಗಿ, "ಎಷ್ಟು ಚೆನ್ನಾಗಿ ಹೇಳ್ತಾಳಮ್ಮಾ ಈ ಹುಡುಗಿ! ನೀವೂ ಕೇಳಿ ತಿಳ್ಕೊಳಿ, ಸುಮ್ನೆ ಕೂತಿರ್ತೀರಲ್ಲ" ಎಂದಳು. ಮಾರನೇ ದಿನ ಅಕ್ಕ ಡಬ್ಬಿಯಲ್ಲಿದ್ದದ್ದನ್ನು ಹಾಗೇ ಮನೆಗೆ ವಾಪಸು ತಂದಳು.

ಹೀಗಿರುವಾಗ ಹುಡುಗಿ ಗಿಡ್ಡ ಕುರ್ಚಿಯ ಬಳಿ ನಿಂತು ಕೇಳಿದಳು: "ದೊಡ್ಡಮ್ಮ, ಇದರ ಕಾಲು ಯಾಕೆ ಇಷ್ಟು ಮೋಟು? ದಾಖಲೆಯಲ್ಲಿ ಏನೂ ಇಲ್ಲ."

ಕುರ್ಚಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಕಾಲುಗಳಲ್ಲಿ ಬಳೆಯ ಹಾಗೆ ಕಡೆದ ಉಬ್ಬು ಪಟ್ಟಿಗಳು. ಕೊನೆಯ ಬಳೆ ಮಾತ್ರ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಯಾಕೆಂದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಹತ್ತೊಂಬತ್ತು ವರ್ಷದ ಹಿಂದೆ, ಈ ಕೋಣೆಯ ಉದ್ಘಾಟನೆಗೆ ಎರಡು ಗಂಟೆ ಇದೆ ಅನ್ನುವಾಗ ಗಾಜಿನ ಪೆಟ್ಟಿಗೆ ಗಿಡ್ಡವಾಯಿತು, ಕುರ್ಚಿ ಹಿಡಿಸಲಿಲ್ಲ. ಆಗಿನ ಸಾಹೇಬರು, ಈಗ ಅವರಿಲ್ಲ, ಬೆವರು ಒರೆಸಿಕೊಳ್ಳುತ್ತಾ, "ಏನಾದರೂ ಮಾಡಪ್ಪಾ" ಎಂದರು. ಸಂಗ್ರಹಾಲಯದ ಬಡಗಿ ಗರಗಸ ತಂದು ನಾಲ್ಕೂ ಕಾಲುಗಳನ್ನು ಅರ್ಧ ಗೇಣು ಕುಯ್ದ. ಅಲುಗಾಡದಂತೆ ಕುರ್ಚಿಯನ್ನು ಹಿಡಿದುಕೊಂಡವಳು ಅಕ್ಕ. ಬಡಗಿ ಅಂದರೆ ಅವಳ ಗಂಡನೇ.

ಅದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ನಾಲಿಗೆ ಬೇರೆ. ಇವಳಿಗೊಂದು ಹುಸಿ ಕಥೆ ಕೊಡೋಣ, ಎಲ್ಲರೆದುರು ಹೇಳಲಿ, ಓದಿದವರು ಯಾರಾದರೂ ಹಿಡಿದು ಮುಖಕ್ಕೆ ಮಂಗಳಾರತಿ ಮಾಡಲಿ ಎಂದು ಅಕ್ಕನ ಒಳಗಿನ ದನಿಯೊಂದು ಹೇಳಿತು. ಅವಳು ಬಾಯಿ ತೆರೆದಳು.

"ಅದಾ? ಒಬ್ಬ ತಾಯಿದು ಕಣೇ. ಅವಳ ಮಗುಗೆ ಕಾಲು ಬರ್ತಿರ್ಲಿಲ್ಲ. ನೆಲದ ಮೇಲೇ ತೆವಳ್ತಿತ್ತು. ತಾಯಿ ಕುರ್ಚೀಲಿ ಕೂತ್ರೆ ಮಗುಗೆ ಅವಳ ಮುಖ ಕಾಣ್ತಿರ್ಲಿಲ್ಲ. ಮಗೂನ ಮೇಲೆತ್ತೋಕಾಗ್ಲಿಲ್ಲ, ಅದಕ್ಕೆ ತಾನೇ ಕೆಳಗಿಳಿದ್ಳು. ಬಡಗೀನ ಕರೆಸಿ ಕಾಲು ಕುಯ್ಸಿದ್ಳು."

ಹೇಳಿ ಮುಗಿಸಿದಾಗ ಅವಳಿಗೇ ಆಶ್ಚರ್ಯವಾಯಿತು. ಎಲ್ಲಿಂದ ಬಂತೋ ಆ ತಾಯಿ! ಹುಡುಗಿ ಕಣ್ಣೊರೆಸಿಕೊಂಡು, "ಅಯ್ಯೋ ದೊಡ್ಡಮ್ಮ" ಎಂದಳು.

ಮುಖಕ್ಕೆ ಮಂಗಳಾರತಿ ಆಗಲಿಲ್ಲ. ಊರಿಗೆ ಊರೇ ಬಂತು. "ಮಗೂನ ಮೇಲೆತ್ತೋಕಾಗ್ಲಿಲ್ಲ, ಅದಕ್ಕೆ ತಾನೇ ಕೆಳಗಿಳಿದ್ಳು" ಎಂದು ಹುಡುಗಿ ಮೆಲ್ಲಗೆ ಹೇಳಿ ನಿಲ್ಲಿಸಿದರೆ ಗಂಡಸರೂ ಮೂಗು ಸೀಟುತ್ತಿದ್ದರು. ಪತ್ರಿಕೆಯಲ್ಲಿ ಬಂತು, ಕುರ್ಚಿಯ ಪಕ್ಕ ಹುಡುಗಿ ನಿಂತ ಫೋಟೋ ಸಮೇತ. ಫೋಟೋದ ಅಂಚಿನಲ್ಲಿ ಸ್ಟೂಲೂ ಅಕ್ಕನ ಒಂದು ಮೊಣಕಾಲೂ ಕಾಣುತ್ತಿದ್ದವು. ಮಾಡಿದ್ದುಣ್ಣೋ ಮಹರಾಯ! ತಾನು ಹೆತ್ತ ಕಥೆ ಇನ್ನೊಬ್ಬಳ ಸೊಂಟದ ಮೇಲೆ ಕೂತು ಊರು ಸುತ್ತುವುದನ್ನು ಅಕ್ಕ ದಿನಕ್ಕೆ ಎಂಟು ಸಲ ನೋಡಬೇಕಾಯಿತು. ನನ್ನದು ಅನ್ನೋಣವೆಂದರೆ ಸುಳ್ಳು ಹೇಳಿದೆನೆಂದು ಒಪ್ಪಬೇಕು. ಸುಮ್ಮನಿರೋಣವೆಂದರೆ ಜೀವ ತಡೆಯದು. ಅಷ್ಟು ಚೆಂದದ ಸುಳ್ಳನ್ನು ಅವಳು ಜೀವಮಾನದಲ್ಲಿ ಹೇಳಿರಲಿಲ್ಲ.

ಐದೂವರೆ ತಿಂಗಳಾಗುವ ಹೊತ್ತಿಗೆ ಸಾಹೇಬರು ಶನಿವಾರದ ಉಪನ್ಯಾಸವನ್ನೇ ಕುರ್ಚಿಗೆ ಮೀಸಲಿಟ್ಟರು. ದೊಡ್ಡ ಪ್ರೊಫೆಸರೊಬ್ಬರು ‘ಎತ್ತರದ ಅಧಿಕಾರ ಮತ್ತು ತಾಯ್ತನ’ ಎಂಬ ವಿಷಯವಾಗಿ ಮಾತನಾಡುವುದು, ಅದಕ್ಕೆ ಮೊದಲು ಹುಡುಗಿ ಕುರ್ಚಿಯ ಕಥೆ ಹೇಳುವುದು. ಅದು ಮುಗಿದ ಮೇಲೆ ಕಾಯಂ ಆದೇಶಕ್ಕೆ ಸಹಿ ಎಂದು ಕಚೇರಿಯಲ್ಲೆಲ್ಲ ಸುದ್ದಿ.

ಆಹ್ವಾನ ಪತ್ರಿಕೆ ಕೊಡಲು ಹುಡುಗಿ ಗುರುವಾರ ಸಂಜೆ ದೊಡ್ಡಮ್ಮನ ಮನೆಗೆ ಬಂದಳು. ಎರಡು ಕೋಣೆಯ ಮನೆ. ದೊಡ್ಡಪ್ಪನ ಹೆಸರು ಬರೆಯಲು ಪೆನ್ನು ತೆಗೆದಳು, ಅದು ಕೈಜಾರಿ ಬೀರುವಿನ ಕೆಳಗೆ ಉರುಳಿತು. ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಬೀರುವಿನ ನಾಲ್ಕು ಮೂಲೆಗೂ ಕೊಟ್ಟಿದ್ದದ್ದು ಅರ್ಧ ಗೇಣಿನ ನಾಲ್ಕು ಮರದ ತುಂಡು, ಪ್ರತಿಯೊಂದರ ತಲೆಯಲ್ಲೂ ಅರ್ಧ ಬಳೆ.

"ದೊಡ್ಡಪ್ಪಾ, ಇವು ಎಲ್ಲಿಯವು?"

ಬಡಗಿಗೆ ಕುರ್ಚಿಯ ಕಥೆ, ಕಣ್ಣೀರು ಯಾವುದೂ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅವನು ಸಂಗ್ರಹಾಲಯದತ್ತ ತಲೆ ಹಾಕಿರಲಿಲ್ಲ, ಪತ್ರಿಕೆ ಓದುವವನೂ ಅಲ್ಲ. "ಅವಾ? ಒಳ್ಳೇ ಮರ ಕಣಮ್ಮ, ಎಸೆಯೋಕೆ ಮನಸ್ಸು ಬರ್ಲಿಲ್ಲ" ಎಂದು ಶುರುಮಾಡಿ ಉದ್ಘಾಟನೆ, ಬೆವರು, ಗರಗಸ ಎಲ್ಲ ಹೇಳಿದ. "ನಿಮ್ಮ ದೊಡ್ಡಮ್ಮಾನೇ ಹಿಡ್ಕೊಂಡಿದ್ದು. ಇಲ್ದಿದ್ರೆ ಅಷ್ಟು ನೇರ ಕುಯ್ಯೋಕಾಗ್ತಿತ್ತಾ?"

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಕ್ಕನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಹುಡುಗಿ ಅವಳ ಮುಖವನ್ನೇ ನೋಡಿದಳು. "ಶನಿವಾರ ಇಬ್ರೂ ಬನ್ನಿ" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಶನಿವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಯನ್ನು ಪೆಟ್ಟಿಗೆಯಿಂದ ತೆಗೆದು ವೇದಿಕೆಯ ಮೇಲೆ ಇಟ್ಟಿದ್ದರು. ಅಕ್ಕ ನೀರಿನ ಲೋಟ ಇಟ್ಟು ಕಂಬದ ಮರೆಗೆ ಬಂದಳು. ಹುಡುಗಿ ಮೈಕಿನ ಮುಂದೆ ನಿಂತಳು.

"ಇಷ್ಟು ದಿನ ನಾನು ನಿಮಗೆಲ್ಲ ಹೇಳಿದ ಕಥೆ ಸುಳ್ಳು" ಎಂದಳು. "ಈ ಕಾಲುಗಳನ್ನ ಕುಯ್ದದ್ದು ಇದೇ ಕಟ್ಟಡದಲ್ಲಿ. ಗಾಜಿನ ಪೆಟ್ಟಿಗೆ ಗಿಡ್ಡ ಆಯ್ತು ಅಂತ ಕುರ್ಚೀನೇ ಗಿಡ್ಡ ಮಾಡಿದ್ವಿ. ಹಳೇ ಕಾಲಾನ ನಾವು ತೋರಿಸೋ ರೀತೀನೇ ಇದು ಅಂತ ಈಗ ಅನ್ನಿಸ್ತಿದೆ."

ಸಭೆ ಗುಜುಗುಜು ಎಂದಿತು. ‘ತಾಯ್ತನ’ದ ಮೇಲೆ ಮೂವತ್ತು ಪುಟ ಬರೆದುಕೊಂಡು ಬಂದಿದ್ದ ಪ್ರೊಫೆಸರು ಹಾಳೆಗಳನ್ನು ಮೆಲ್ಲಗೆ ತಿರುಗಿಸಿ ಮಕಾಡೆ ಇಟ್ಟರು. ಸಾಹೇಬರ ಮುಖ ಕಪ್ಪಿಟ್ಟಿತು. ಅವರು ಎದ್ದುನಿಂತೇ ಕೇಳಿದರು, "ಹಾಗಾದ್ರೆ ಆ ತಾಯಿ ಕಥೆ ಎಲ್ಲಿಂದ ಬಂತು? ಯಾರು ಕಟ್ಟಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಂಬದ ಮರೆಯಲ್ಲಿ ಅಕ್ಕನ ಕೈ ತಾನಾಗಿ ಸೆರಗಿಗೆ ಹೋಯಿತು. ಈಗ ಹೇಳುತ್ತಾಳೆ, ಬೆರಳು ತೋರಿಸುತ್ತಾಳೆ, ಮುಗಿಯಿತು ನನ್ನ ಕಥೆ ಎಂದುಕೊಂಡಳು.

ಹುಡುಗಿ ಕಂಬದ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿ, "ನಾನೇ ಸರ್. ನಾನೇ ಕಟ್ಟಿದ್ದು. ತಪ್ಪಾಯ್ತು" ಎಂದಳು.

ಅಷ್ಟರಲ್ಲಿ ಪ್ರೊಫೆಸರು ಕನ್ನಡಕ ತೆಗೆದು, "ತಪ್ಪು ಇರಬಹುದಮ್ಮ. ಆದ್ರೆ ಎಂಥ ಕಥೆ ಕಟ್ಟಿದೀಯ! ಸಾಮಾನ್ಯರ ಕೈಲಿ ಆಗೋ ಮಾತಲ್ಲ" ಎಂದುಬಿಟ್ಟರು.

"ಅದು ನಂದು!"

ಇಡೀ ಸಭೆ ಹಿಂತಿರುಗಿತು. ಕಂಬದ ಪಕ್ಕ ‘ಮುಟ್ಟಬೇಡಿ ಅಕ್ಕ’ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕೂಗಿದ್ದು ತಾನೇ ಎಂದು ಅವಳಿಗೂ ಆಗಲೇ ಗೊತ್ತಾದದ್ದು.

"ಆ ಕಥೆ ನಂದು ಸಾರ್. ಅವಳದಲ್ಲ. ತಾಯಿ ನಂದು, ಮಗು ನಂದು, ಕೆಳಗಿಳಿದ್ಳು ಅನ್ನೋ ಮಾತೂ ನಂದೇ. ಈ ಹುಡುಗಿಗೆ ಜನ ಚಪ್ಪಾಳೆ ತಟ್ಟೋದು ನೋಡೋಕಾಗ್ದೆ, ಮರ್ಯಾದೆ ಹೋಗ್ಲಿ ಅಂತ ಹೇಳ್ಕೊಟ್ಟೆ. ಅವಳು ನಂಬಿದ್ಳು, ಅಷ್ಟೇ ಅವಳ ತಪ್ಪು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಯ ಸಾಲಿನಲ್ಲಿ ಬಡಗಿ ಒಬ್ಬನೇ ಎದ್ದುನಿಂತಿದ್ದ, ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ.

ಆಮೇಲೆ ಆದದ್ದಿಷ್ಟು. ಸುಳ್ಳು ಅವಳದಲ್ಲವಾದ್ದರಿಂದ, ನಿಜ ಹೇಳಿದ್ದು ಅವಳಾದ್ದರಿಂದ, ಹುಡುಗಿ ಕಾಯಂ ಆದಳು. ಅಕ್ಕನಿಗೆ ಒಂದು ಎಚ್ಚರಿಕೆ ಪತ್ರ ಬಂತು. ಸ್ಟೂಲು ಉಳಿಯಿತು. ಬೀರುವಿನ ಕೆಳಗಿನ ನಾಲ್ಕು ತುಂಡುಗಳು ಗಾಜಿನ ಪೆಟ್ಟಿಗೆಗೆ ಹೋಗಿ ಕುರ್ಚಿಯ ಪಕ್ಕ ಕೂತವು. ಮನೆಯ ಬೀರು ನೆಲಕ್ಕಿಳಿಯಿತು. ಸಂಗ್ರಹಾಲಯದಲ್ಲಿ ಎಲ್ಲರೂ ಅಕ್ಕನನ್ನು ಬೇರೆ ಥರ ನೋಡತೊಡಗಿದರು. ಮಗಳಂಥವಳ ಕೆಲಸ ಉಳಿಸಲು ಅಷ್ಟು ಜನರೆದುರು ತನ್ನ ಮಾನ ಕಳೆದುಕೊಂಡ ಮಹಾತಾಯಿ ಎಂದು ಗೇಟಿನವನು ಬಂದಬಂದವರಿಗೆ ಹೇಳುತ್ತಿದ್ದ.

ಕಾಯಂ ಆದೇಶ ಬಂದ ವಾರದ ಭಾನುವಾರ ಬೆಳಿಗ್ಗೆ ತಂಗಿಯ ಫೋನು ಬಂತು. ಆ ಕಡೆಯಿಂದ ಬರೀ ಅಳು. "ಅಕ್ಕಾ, ಅವತ್ತು ನಂಗೋಸ್ಕರ ಓದು ಬಿಟ್ಟೆ. ಇವತ್ತು ನನ್ನ ಮಗಳಿಗೋಸ್ಕರ ಮರ್ಯಾದೆ ಬಿಟ್ಟೆ. ನಿನ್ನ ಋಣ ಹೇಗೆ ತೀರ್ಸಲಿ?"

"ಹೂಂ" ಎಂದಳು ಅಕ್ಕ. "ಇರ್ಲಿ ಬಿಡು."

ಫೋನಿಟ್ಟ ಮೇಲೆ ಗಂಡ ಬೀರುವಿನ ಬಾಗಿಲನ್ನು ನೆಲಕ್ಕೆ ಉಜ್ಜದಂತೆ ಕೆತ್ತುತ್ತಾ ಹೇಳಿದ, "ಆ ಹುಡುಗಿ ಮೇಲೆ ಅಷ್ಟು ಪ್ರೀತಿ ಇಟ್ಕೊಂಡಿದೀಯ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು."

ಅಕ್ಕ ನೆಲಕ್ಕೆ ಬಿದ್ದ ಮರದ ಚೂರುಗಳನ್ನು ಗುಡಿಸಿ ಮೂಲೆಗೆ ತಳ್ಳಿದಳು. "ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ" ಎಂದಳು ಕೊನೆಗೆ. "ಅವಳು ‘ನಾನೇ ಕಟ್ಟಿದ್ದು’ ಅಂದಾಗ ತಪ್ಪಿಸ್ಕೊಂಡೆ ಅಂತ ಉಸಿರು ಬಿಟ್ಟಿದ್ದೆ. ಆ ಪ್ರೊಫೆಸರು ಅವಳನ್ನ ಹೊಗಳಿದ್ರಲ್ಲ, ಅದು ತಡ್ಕೊಳ್ಳೋಕಾಗ್ಲಿಲ್ಲ."

ಬಡಗಿ ಉಳಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಹಾಗಾದ್ರೆ ಇದನ್ನೂ ಹೇಳ್ಬಿಡು ನಿನ್ನ ತಂಗಿಗೆ. ಸುಳ್ಳು ಯಾಕೆ ಇಟ್ಕೋತೀಯ?" ಎಂದು ಫೋನಿನತ್ತ ಕೈ ಚಾಚಿದ.

"ಮುಟ್ಟಬೇಡಿ" ಎಂದಳು ಅಕ್ಕ. "ಅದೊಂದನ್ನ ಮಾತ್ರ ಮುಟ್ಟಬೇಡಿ."