ಮಹಡಿ ಮೇಲಿನವರ ಅಂಗಳ

ಸ್ನೇಹಿತರೇ, ಇವತ್ತು ಬೆಳಿಗ್ಗೆ ರೇಡಿಯೊ ವಾರ್ತೆ ಕೇಳುತ್ತಾ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ತಲೆ ಮೇಲೆ ಸಗಣಿ ನೀರು ಬಿತ್ತು!

ಬಡ ಮುದುಕರಿಗೆಂದೇ ಕಡಿಮೆ ಬಾಡಿಗೆಗೆ ಚನ್ನಗಿರಿಯಲ್ಲಿ ಕಟ್ಟಿಸಿರುವ ಈ ಮಹಡಿ ವಠಾರದಲ್ಲಿ ನನ್ನದು ಕೆಳಗಿನ ಮನೆ. ಮೇಲಿನದಕ್ಕೆ ನಿನ್ನೆಯಷ್ಟೇ ನಲ್ಲೂರಿನ ಗೌರಮ್ಮ ಬಂದಿದ್ದಾರೆ.

"ಏನ್ರೀ ಇದು?" ಎಂದು ಕೂಗಿದೆ.

"ಬಾಗಿಲಿಗೆ ನೀರು ಹಾಕಿದೆ ಕಣ್ರೀ. ಹಾಕ್ದೆ ಒಲೆ ಹಚ್ಚಾಕೆ ಆಗ್ತೈತಾ?"

"ಅಂಗಳ ಎಲ್ಲೈತ್ರೀ ನಿಮಗೆ? ಕೆಳಗೆ ನನ್ನ ತಲೆ ಐತೆ!"

ಆಕೆ ಬಗ್ಗಿ ನೋಡಿದರು. "ಅಯ್ಯೋ ಶಿವನೇ! ಊರಲ್ಲಿದ್ದಂಗೇ ಎರಚಿಬಿಟ್ಟೆ. ಒಳಗೆ ಹೋಗಿ ತಲೆ ತೊಳಕಳ್ರಿ, ನಾನೇ ಕೆಳಗೆ ಬರ್ತೀನಿ."

ವಠಾರದ ಯಜಮಾನರಿಗೆ ದೂರು ಕೊಟ್ಟೇ ತೀರುತ್ತೇನೆಂದು ಗೊಣಗುತ್ತಾ ಸ್ನಾನ ಮುಗಿಸಿ ಬಂದರೆ, ಗೌರಮ್ಮ ನನ್ನ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಬಾಗಿಲಿನ ಅಗಲಕ್ಕೂ ರಂಗೋಲಿ ಬಿಟ್ಟಿದ್ದರು.

"ಇನ್ನು ದಿನಾ ಇಲ್ಲೇ ಹಾಕ್ತೀನಿ. ನಮ್ಮಿಬ್ಬರಿಗೂ ಇದೊಂದೇ ಅಂಗಳ," ಎಂದು ಮೆಟ್ಟಿಲು ಹತ್ತಿದರು.

ಹೆಂಡತಿ ತೀರಿಕೊಂಡ ಮೇಲೆ ನನ್ನ ಬಾಗಿಲು ರಂಗೋಲಿ ಕಂಡಿರಲಿಲ್ಲ.

ಮಧ್ಯಾಹ್ನವಾಯಿತು. ದೂರು ಕೊಡಲು ಹೊರಡಬೇಕೆಂದರೆ ಅದನ್ನು ತುಳಿಯಬೇಕು. ಇನ್ನೂ ಒಳಗೇ ಕೂತಿದ್ದೇನೆ.