ಸೈಕಲ್ಲಿಗೊಂದು ಕುಂಚಿಗೆ

ಆಗ ನನಗೆ ಅರವತ್ತೆಂಟು. ಈ ಮಾತಿಗೆ ನಾಲ್ಕು ವರ್ಷವಾಯಿತು. ಮಗಳು ಜೇವರ್ಗಿಯ ಗಂಡನ ಮನೆಯಿಂದ ಹೊರಳಿ ಬಂದು ಸರಸಂಬಾದಲ್ಲಿ ನನ್ನ ಜೊತೆ ಇರಲು ಶುರುಮಾಡಿ ಎರಡು ಬೇಸಿಗೆ ಕಳೆದಿದ್ದವು.

ಯಾಕೆ ಹೊರಳಿ ಬಂದಳು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಆಕೆಯ ಎದೆಯೊಳಗಿನ ಒಂದು ಕವಾಟ ಕೆಟ್ಟಿತ್ತು. ನಮಗೆ ಗೊತ್ತಾಗಲಿಲ್ಲ. ಮದುವೆಯಾದ ಮೇಲೆ ಸೊಲ್ಲಾಪುರದ ದವಾಖಾನೆಯಲ್ಲಿ ಎದೆ ತೆರೆದು ಸರಿಮಾಡಿದರು. ಇನ್ನು ಬಸಿರಾದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದರು. ಜೇವರ್ಗಿಯವರು ಆ ಮಾತು ಕೇಳಿಸಿಕೊಂಡು ಕೆಲವು ದಿನ ಸುಮ್ಮನಿದ್ದರು. ಆಮೇಲೆ ಸುಮ್ಮನಿರಲಿಲ್ಲ. ನಾನೇ ಹೋದೆ. ಟ್ರಂಕು ನಾನು ಹಿಡಿದೆ, ಚೀಲ ಆಕೆ ಹಿಡಿದಳು, ಬಸ್ಸು ಹತ್ತಿದೆವು. ದಾರಿಯಲ್ಲಿ ಇಬ್ಬರೂ ಅಳಲಿಲ್ಲ. ಅಳುವುದಕ್ಕೆ ಬಸ್ಸಿನಲ್ಲಿ ಜಾಗವೂ ಇರಲಿಲ್ಲ.

ಆಕೆ ಶಾಲೆಯಲ್ಲಿ ಟೀಚರು. ಶಾಲೆ ಇರುವುದು ಹಿರೋಳ್ಳಿ ಕಡೆಗೆ, ನಮ್ಮೂರಿನಿಂದ ಪಡುವಣಕ್ಕೆ. ಬಸ್ಸು ತನಗೆ ಬೇಕಾದಾಗ ಬರುತ್ತದೆ, ಶಾಲೆಯ ಗಂಟೆ ಅದಕ್ಕಾಗಿ ಕಾಯುವುದಿಲ್ಲ. ಮೈ ಆಡಿಸದೆ ಕೂಡಬೇಡ, ಸಾವಕಾಶ ಸೈಕಲ್ ತುಳಿದರೆ ಒಳ್ಳೆಯದೇ ಎಂದು ಡಾಕ್ಟರು ಹೇಳಿದ್ದರು. ಆದರೆ ಎದೆಬಡಿತ ನೂರಾ ಮೂವತ್ತು ದಾಟಬಾರದು. ದಾಟುವ ಹಾಗಿದ್ದರೆ ಇಳಿಯಬೇಕು, ನಿಲ್ಲಬೇಕು. ಅದಕ್ಕೆಂದೇ ಒಂದು ಪಟ್ಟಿ ಬಂತು. ಎದೆಯ ಮೇಲೆ ಲಿಂಗದ ಕರಡಿಗೆ ಇಳಿಬಿದ್ದಿರುತ್ತದಲ್ಲ, ಅದರ ಕೆಳಗೆ ಬಿಗಿಯಾಗಿ ಕಟ್ಟುವಂಥದ್ದು. ಪಟ್ಟಿ ಲೆಕ್ಕ ಹಾಕಿದ್ದನ್ನು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂತ ಒಂದು ಡಬ್ಬಿ ತೋರಿಸುತ್ತದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸೈಕಲ್ ಕಂಪ್ಯೂಟರ್ ಎಂದು ಅದರ ಹೆಸರು. ನನಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ಅಂಕಿ ತಿಳಿಯುತ್ತದೆ. ಆಕೆ ಅಂಗಳದಲ್ಲಿ ನಿಂತಾಗ ಅದರಲ್ಲಿ ಎಂಬತ್ತು, ಎಂಬತ್ತೆರಡು ಎಂದು ಬರುವುದನ್ನು ಎಷ್ಟೋ ಸಲ ಬಗ್ಗಿ ನೋಡಿದ್ದೇನೆ.

ಚಳಿಗಾಲ ನೆಟ್ಟಗೆ ಕಳೆಯಿತು. ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಬಲಿತ ಮೇಲೆ ಒಂದು ಸಂಜೆ ಆಕೆ ಬಂದವಳು ಸೈಕಲ್ಲನ್ನು ಗೋಡೆಗೂ ಆನಿಸಲಿಲ್ಲ. ಅದು ಬಿದ್ದ ಸಪ್ಪಳಕ್ಕೆ ನಾನು ಹೊರಗೆ ಬಂದೆ. ಕಟ್ಟೆಯ ಮೇಲೆ ಕೂತಿದ್ದಳು, ತುಟಿ ಬೂದಿ ಬಣ್ಣ.

"ಡಬ್ಬಿ ನೋಡಲಿಲ್ಲೇನು?" ಎಂದೆ.

"ನೋಡ್ದೆ ಯವ್ವ. ಬಿಸಿಲಾಗ ಅಂಕಿ ಕಾಣವಲ್ದು. ನನ್ನ ಮಾರೀನ ಕಾಣಾಕತ್ತದ ಅದರಾಗ."

"ಅಂಕಿ ದಾಟಿದರ ಡಬ್ಬಿ ಕೂಗತದ ಅಂದಿದ್ದಿ?"

"ಎದುರಗಾಳಿ, ಹಿಂದ ಕಬ್ಬಿನ ಟ್ರ್ಯಾಕ್ಟರ್. ಅದರ ಕೂಗು ಯಾರಿಗೆ ಕೇಳಬೇಕು?"

ನೀರು ಕೊಟ್ಟೆ. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಆಮೇಲೆ ಯೋಚಿಸಿದೆ. ಬೆಳಿಗ್ಗೆ ಪಡುವಣಕ್ಕೆ ಹೋಗುವಾಗ ಸೂರ್ಯ ಆಕೆಯ ಬೆನ್ನಿಗೆ. ಸಂಜೆ ಮೂಡಣಕ್ಕೆ ಬರುವಾಗ ಆಗಲೂ ಬೆನ್ನಿಗೇ. ಹೆಗಲ ಮೇಲಿಂದ ಹಾದು ನೇರ ಆ ಗಾಜಿಗೆ ಹೊಡೆಯುತ್ತದೆ. ಬೇರೆ ಯಾವ ದಿಕ್ಕಿಗೆ ಶಾಲೆ ಇದ್ದರೂ ಇಷ್ಟು ಕಾಟ ಇರುತ್ತಿರಲಿಲ್ಲ.

ಡಬ್ಬಿಯ ಬೆಳಕು ಹೆಚ್ಚು ಮಾಡಿದಳು. ಅರ್ಧ ದಾರಿಗೇ ಬ್ಯಾಟರಿ ಸತ್ತಿತು. ಆಳಂದಕ್ಕೆ ಹೋದಾಗ ಮೊಬೈಲ್ ಅಂಗಡಿಯವನು ಗಾಜಿನ ಮೇಲೆ ಒಂದು ಮಬ್ಬು ಹಾಳೆ ಅಂಟಿಸಿಕೊಟ್ಟ. ಆಕೆಯ ಮುಖ ಕಾಣುವುದು ನಿಂತಿತು, ಅಂಕಿಯೂ ಮಸುಕಾಯಿತು. ಅವನೇ ಆಕೆಗೆ ಒಂದು ಕರಿ ಕನ್ನಡಕವನ್ನೂ ಮಾರಿದ, ಭಾರಿ ಮಾಲು ಎಂದು. ಅದನ್ನು ಹಾಕಿಕೊಂಡರೆ ರಸ್ತೆ ತಂಪಾಗಿ ಕಾಣುತ್ತದೆ, ಡಬ್ಬಿ ಮಾತ್ರ ಪೂರಾ ಕಪ್ಪು. ಕತ್ತು ವಾರೆ ಮಾಡಿದರೆ ಅಂಕಿ ಬರುತ್ತದೆ, ನೆಟ್ಟಗೆ ಮಾಡಿದರೆ ಹೋಗುತ್ತದೆ. ಆಕೆ ಅಂಗಳದಲ್ಲಿ ಕತ್ತು ವಾರೆ ಮಾಡಿಕೊಂಡು ಒಂದು ಸುತ್ತು ಹೊಡೆದಳು.

"ಕಾಳ ಹುಡುಕೋ ಕೋಳಿ ಹಂಗ ಕಾಣತೀದಿ," ಎಂದೆ.

ಆಕೆ ನಕ್ಕಳು. ನಾನು ನಗಲಿಲ್ಲ. "ಸೋಮವಾರದೊಳಗ ಆ ಅಂಕಿ ಕಾಣಬೇಕು. ಕಾಣಲಿಲ್ಲಂದರ ಸೈಕಲ್ ಒಳಗ, ಕೀಲಿ ನನ್ನ ಸೆರಗಿನಾಗ."

"ಬಸ್ಸಿಗೆ ಕಾದು ಕಾದು ದಿನಾ ತಡಾ ಆದರ ಹೆಡ್ ಮಾಸ್ತರ ಕೇಳಂಗಿಲ್ಲೇನು?"

"ಕೇಳಲಿ. ನೀ ಜೀವಂತ ಇದ್ದರ ಉತ್ತರಾನಾದ್ರೂ ಕೊಡತಿ."

ಅಂದೆನೇನೋ ಅಂದೆ. ಆದರೆ ಸೈಕಲ್ ತೆಗೆದುಕೊಂಡರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಜೇವರ್ಗಿಯಿಂದ ಬಂದ ಹೊಸದರಲ್ಲಿ ಆಕೆ ಗೋಡೆ ನೋಡುತ್ತ ಕೂತದ್ದನ್ನು ಕಂಡಿದ್ದೆ. ಆಕೆಯನ್ನು ಎಬ್ಬಿಸಿದ್ದು ಆ ಸೈಕಲ್ಲೇ.

ಆ ರಾತ್ರಿ ಮಲಗಿದಲ್ಲೇ ಹೊಳೆಯಿತು. ಕೂಸನ್ನು ಬಿಸಿಲಿಗೆ ಒಯ್ಯುವಾಗ ನಾವು ಏನು ಮಾಡುತ್ತೇವೆ? ಕುಂಚಿಗೆ ಹಾಕುತ್ತೇವೆ. ತಲೆ, ಕಿವಿ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುತ್ತದೆ, ಮುಖವೊಂದೇ ತೆರೆದಿರುತ್ತದೆ. ಎತ್ತಿಕೊಂಡವಳು ಬಗ್ಗಿದರೆ ನೆರಳಿನೊಳಗೆ ಮುಖ ಕಾಣುತ್ತದೆ. ಡಬ್ಬಿಗೂ ಅದೇ ಬೇಕು.

ಶುಕ್ರವಾರ ಆಕೆ ಸೈಕಲ್ ಬಿಟ್ಟು ಬಸ್ಸಿನಲ್ಲಿ ಶಾಲೆಗೆ ಹೋದ ಮೇಲೆ ಕಟ್ಟೆಯ ಮೇಲೆ ಕೂತೆ. ಎಣ್ಣೆ ಡಬ್ಬದ ಪ್ಲಾಸ್ಟಿಕ್ಕನ್ನು ಕತ್ತರಿಸಿ ಒಳಗೆ ಕೊಟ್ಟೆ, ಸೆಟೆದು ನಿಲ್ಲಲಿ ಎಂದು. ಹಳೆಯ ಖಣದ ಬಟ್ಟೆ ಹೊಲಿದೆ. ಡಬ್ಬಿಗೆ ಹಾಕಿ ಬಿಸಿಲಿಗೆ ಹಿಡಿದು ನೋಡಿದರೆ ಖಣದ ರೇಷ್ಮೆಯೇ ಮಿಂಚಿ ಗಾಜಿನಲ್ಲಿ ಕೆಂಪು ಕೂತಿತ್ತು. ಬಿಚ್ಚಿದೆ. ಅಫಜಲಪುರದ ತವರಿನಿಂದ ನಾನು ತಂದಿದ್ದ ಕರಿ ಕಂಬಳಿಯ ಒಂದು ಮೂಲೆ ಕತ್ತರಿಸಿದೆ. ಕಂಬಳಿ ಮಿಂಚುವುದಿಲ್ಲ, ಬೆಳಕನ್ನು ನುಂಗುತ್ತದೆ. ಹಣೆಯ ಕಡೆ ಉದ್ದಕ್ಕೆ ಬಿಟ್ಟೆ, ಗದ್ದದ ಕೆಳಗೆ ಕಟ್ಟಲು ಎರಡು ಲಾಡಿ.

ಎದುರುಮನೆಯವಳು ಕೊಡ ಹಿಡಿದು ಹೋಗುತ್ತಿದ್ದವಳು ನಿಂತಳು. "ಯಾರಿಗೆ ಬೇ ಕುಂಚಿಗಿ?"

ಬಾಯಲ್ಲಿ ದಾರ ಕಚ್ಚಿಕೊಂಡಿದ್ದೆ. "ಮಗಳಿಗೆ," ಎಂದೆ.

"ಅಯ್ಯ! ಕೂಸು ಹುಟ್ಟೂಕಿಂತ ಮೊದಲ ಅದರ ಅರಬಿಗೆ ಕತ್ತರಿ ಹಚ್ಚಬಾರದು ಅಂತ ನಿನಗ ಗೊತ್ತಿಲ್ಲೇನು? ಇಷ್ಟ ವಯಸ್ಸಾಗಿ!"

ನಾನು ಡಬ್ಬಿಯ ಗುಂಗಿನಲ್ಲಿದ್ದೆ. "ನನಗ ಯಾವ ಕತ್ತರಿ ಸುದ್ದಿ ಹೇಳಬ್ಯಾಡ, ನಡಿ ನಡಿ," ಎಂದೆ. ಆಕೆ ನಡೆದಳು. ಎಲ್ಲಿಯ ತನಕ ನಡೆದಳೋ ಏನೋ, ಶನಿವಾರದ ಹೊತ್ತಿಗೆ ಮಾತು ಶಾಲೆ ಮುಟ್ಟಿತ್ತು.

ಶನಿವಾರ ಅರ್ಧ ದಿನದ ಶಾಲೆ. ಮಗಳು ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಊರಿಗೆ ಏನ ಹೇಳಿದಿ ಯವ್ವ?"

"ಏನ ಹೇಳಲಿ?"

"ಸಿಹಿ ಯಾವಾಗ ಟೀಚರ್ ಅಂತ ಕೇಳ್ತಾರ ನನ್ನ. ಒಬ್ಬಾಕಿ ಜೇವರ್ಗಿಯವರು ಮತ್ತ ಬಂದು ಹೋಗಾಕತ್ತಾರೇನು ಅಂದಳು. ಇನ್ನೊಬ್ಬಾಕಿ ಬಾಯಲೆ ಅನ್ನಲಿಲ್ಲ, ನಕ್ಕಳು."

ಎದುರುಮನೆಯವಳು ಏನು ತಿಳಿದುಕೊಂಡು ಹೋಗಿದ್ದಳು ಎನ್ನುವುದು ನನಗೆ ಆಗ ತಿಳಿಯಿತು. ಕುಂಚಿಗೆ ಗೂಟಕ್ಕೆ ನೇತುಬಿದ್ದಿತ್ತು. ಆಕೆಯೂ ಅದನ್ನು ಕಂಡಳು. ತೆಗೆದುಕೊಂಡು ತಿರುವಿ ನೋಡಿದಳು. ರೂಢಿಯ ಮೇಲೆ ಹಣೆಯ ಹತ್ತಿರ ದೃಷ್ಟಿಗೆಂದು ಒಂದು ಕರಿಮಣಿ ಹಚ್ಚಿದ್ದೆ. ಆಕೆಯ ಬೆರಳು ಅಲ್ಲಿಗೆ ಬಂದು ನಿಂತಿತು.

"ಮಣೀನೂ ಹಚ್ಚೀದಿ."

"ಕುಂಚಿಗಿಗೆ ಹಚ್ಚತಾರ."

"ಕೂಸಿನ ಕುಂಚಿಗಿಗೆ ಹಚ್ಚತಾರ." ಆಕೆಯ ದನಿ ಏರಲಿಲ್ಲ. "ಬ್ಯಾರೆ ಹೆಸರ ಸಿಗಲಿಲ್ಲೇನು ನಿನಗ? ಚೀಲ ಅನಬೇಕಿತ್ತು. ಟೊಪ್ಪಿಗಿ ಅನಬೇಕಿತ್ತು."

"ಚೀಲ ಹೊಲಿದಿದ್ದರ ಚೀಲ ಅಂತಿದ್ದೆ. ನಾ ಹೊಲಿದಿದ್ದು ಕುಂಚಿಗಿ. ಸೈಕಲ್ಲಿನ ಡಬ್ಬಿಗೆ."

ಆಕೆ ಅದನ್ನು ಮತ್ತೆ ಗೂಟಕ್ಕೆ ಹಾಕಿ ಒಳಗೆ ಹೋದಳು. ರೊಟ್ಟಿ ಬಡಿದಿಟ್ಟೆ, ಉಣ್ಣಲಿಲ್ಲ. ಸಮಾಧಾನ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಮುಚ್ಚಿಟ್ಟು ಮಲಗಿದೆ.

ರವಿವಾರ ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಸೈಕಲ್ ಇಲ್ಲ. ಗೂಟವೂ ಖಾಲಿ. ಆಕೆ ಕುಂಚಿಗೆಯನ್ನು ಡಬ್ಬಿಗೆ ಕಟ್ಟಿಕೊಂಡು ಹೋದಳೋ, ಹೋಗುವಾಗ ಹಳ್ಳಕ್ಕೆ ಎಸೆದಳೋ ಗೊತ್ತಾಗುವ ಬಗೆ ಇರಲಿಲ್ಲ. ಸೆರಗು ಹೊದ್ದು ಊರ ಹೊರಗಿನ ಏರಿನ ತುದಿಗೆ ಹೋಗಿ ನಿಂತೆ. ಶಾಲೆಯ ದಾರಿ ಅದೇ, ಬರುವುದಾದರೆ ಅಲ್ಲಿಂದಲೇ ಬರಬೇಕು. ಮೊನ್ನೆ ಆಕೆಗೆ ಸಂಕಟ ಬಂದದ್ದೂ ಆ ಏರಿನಲ್ಲೇ.

ಬಹಳ ಹೊತ್ತು ನಿಂತೆ. ಸೂರ್ಯ ಎದುರಿಗಿತ್ತು. ಕೈ ಅಡ್ಡ ಹಿಡಿದರೂ ರಸ್ತೆಯಲ್ಲಿ ಬರುವುದೆಲ್ಲ ಕರಿ ಕಡ್ಡಿಯಂತೆ ಕಾಣುತ್ತಿತ್ತು, ದನವೂ ಕಡ್ಡಿ, ಮನುಷ್ಯರೂ ಕಡ್ಡಿ. ಕೊನೆಗೆ ಒಂದು ಕಡ್ಡಿ ಸೈಕಲ್ಲಾಯಿತು. ತುಳಿಯುತ್ತ ಬಂತು. ಏರಿನ ನಡುವೆ ನಿಂತಿತು. ಆಕೆ ಇಳಿದಳು. ಹ್ಯಾಂಡಲ್ಲಿಗೆ ಬಗ್ಗಿ ಹಾಗೇ ನಿಂತಳು, ಮೇಲೇಳಲಿಲ್ಲ.

ನನ್ನ ಮೊಣಕಾಲಿಗೆ ಓಡುವ ಶಕ್ತಿ ಹೋಗಿ ಎಷ್ಟೋ ವರ್ಷವಾಗಿತ್ತು. ಅವತ್ತು ಇಳಿಜಾರಿನಲ್ಲಿ ಹೇಗೆ ಹೋದೆನೋ. ಹತ್ತಿರ ಹೋಗುವಷ್ಟರಲ್ಲಿ ಆಕೆ ತಲೆ ಎತ್ತಿದಳು. ತುಟಿ ಕೆಂಪಗಿತ್ತು.

"ಎದಕ್ಕ ಓಡತೀದಿ? ನಿನ್ನ ಎದಿಗೂ ಒಂದು ಪಟ್ಟಿ ಕಟ್ಟಲೇನು?"

"ನೀ ಎದಕ್ಕ ನಿಂತಿ?"

"ನೂರಾ ಇಪ್ಪತ್ತೆಂಟು ಕಾಣ್ತು. ಇಳದೆ. ಈಗ ಇಳಿಯೂದನ್ನ ನೋಡಾಕತ್ತೇನಿ."

ಹ್ಯಾಂಡಲ್ ಮೇಲೆ ಕಂಬಳಿಯ ಕುಂಚಿಗೆ ಕೂತಿತ್ತು, ಲಾಡಿ ಬಿಗಿದು, ಮಣಿಯ ಸಮೇತ. ನಾನೂ ಬಗ್ಗಿದೆ. ಹೊರಗೆ ಕಣ್ಣು ಬಿಡಲಾರದ ಬೆಳಕು, ಒಳಗೆ ನೆರಳು, ನೆರಳಿನಲ್ಲಿ ಅಂಕಿ. ನೂರಾ ಹದಿನೇಳು. ನೂರಾ ಹದಿನಾಲ್ಕು. ನೂರಾ ಹತ್ತು. ಇಬ್ಬರೂ ರಸ್ತೆಯ ಮಧ್ಯೆ ತಲೆಗೆ ತಲೆ ಹಚ್ಚಿ ನಿಂತು ಅದು ಇಳಿಯುವುದನ್ನು ನೋಡಿದೆವು. ಹಿಂದೆ ಬಂದ ಮೋಟರ್‌ಸೈಕಲ್ಲಿನವನು ಬೈದು ಹೋದ.

ಏರನ್ನು ನಡೆದೇ ಹತ್ತಿದೆವು. ಓಣಿಗೆ ಬಂದಾಗ ಎದುರುಮನೆಯವಳು ತನ್ನ ಕಟ್ಟೆಯ ಮೇಲೆ ಇನ್ನಿಬ್ಬರು ಹೆಂಗಸರ ಜೊತೆ ಕೂತಿದ್ದಳು. ಮಗಳು ಮುಂದೆ ಹೋಗದೆ ಸೈಕಲ್ಲನ್ನು ನೇರ ಅವರ ಮುಂದೆ ತಂದು ನಿಲ್ಲಿಸಿದಳು.

"ಬರ್ರಿ ಕಾಕು. ಕುಂಚಿಗಿ ಯಾರಿಗೆ ಅಂತ ಕೇಳಿದ್ರಂತಲ್ಲ. ಇಣುಕಿ ನೋಡ್ರಿ, ಯಾರ ಮಾರಿ ಹೋಲತದ ಹೇಳ್ರಿ."

ಎದುರುಮನೆಯವಳು ಬೇಕೋ ಬೇಡವೋ ಎಂದು ಬಗ್ಗಿದಳು. "ಏನೋ ಅಂಕಿ ಅದ. ತೊಂಬತ್ತಾರು. ಈಗ ತೊಂಬತ್ತೇಳಾತು. ಏನಿದು?"

"ನನ್ನ ಎದಿ. ಬಡಿಯಾಕತ್ತದ. ಬಡಿಯೂದು ಬಿಸಿಲಾಗ ಕಾಣಲಿ ಅಂತ ನಮ್ಮವ್ವ ಕುಂಚಿಗಿ ಹೊಲದಾಳ. ಬ್ಯಾರೆ ಕೂಸು ಇಲ್ಲರಿ. ಬರಂಗೂ ಇಲ್ಲ."

ಎದುರುಮನೆಯವಳ ಕಣ್ಣು ಇನ್ನೂ ಕುಂಚಿಗೆಯೊಳಗೇ ಇತ್ತು. ಅಂಕಿ ಏರುತ್ತಿತ್ತು, ಆಕೆಗೂ ಕಂಡಿರಬೇಕು. "ಒಳಗ ನಡಿಯವ್ವ, ತುಸು ಕೂಡು ಹೋಗು," ಎಂದಳು ಸಣ್ಣ ದನಿಯಲ್ಲಿ. ಮಗಳು ಸೈಕಲ್ ತಿರುಗಿಸಿದಳು.

ಮನೆಯೊಳಗೆ ಬಂದೆವು. ಹಿಂದಿನ ದಿನದ ರೊಟ್ಟಿ ಸೆಟೆದು ಕೂತಿತ್ತು. ಅದನ್ನೇ ಮುರಿದು ಹಾಲಿನಲ್ಲಿ ನೆನೆಸಿ ಉಂಡಳು. ಬೆವರಿಗೆ ಕಂಬಳಿ ನಾರುತ್ತದೆ ಎಂದಳು. ಒಗೆದರೆ ಒಣಗಬೇಕಲ್ಲ, ಅಷ್ಟರಲ್ಲಿ ಶಾಲೆಗೆ ಏನು ಕಟ್ಟಿಕೊಂಡು ಹೋಗಲಿ ಎಂದಳು.

ಮರುದಿನ ಬೆಳಿಗ್ಗೆ ಆಕೆ ಸೈಕಲ್ ಹತ್ತಿ ಹೋದ ಮೇಲೆ ನಾನು ಕಂಬಳಿ, ಕತ್ತರಿ, ದಾರ ಹಿಡಿದುಕೊಂಡು ಬಾಗಿಲು ಪೂರಾ ತೆರೆದಿಟ್ಟು ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತು ಎರಡನೆಯ ಕುಂಚಿಗೆಗೆ ಕತ್ತರಿ ಹಚ್ಚಿದೆ.